ಪಾಸ್ ಮನೆಮಂದಿಗೆಲ್ಲ ಬೇಡ ಅಕ್ಕ, ಇಬ್ಬರಿಗೆ ಸಾಕು

ನಮಸ್ಕಾರ ಅಕ್ಕ. ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ಡ್ಯೂಟಿ ಮುಗಿಸಿ ಡೊಂಬಿವಲಿ ಲೋಕಲ್ ರೈಲಿನಲ್ಲಿ ನಿಂತಿದ್ದೆ, ಬರೆಯಲು ಆಗಲಿಲ್ಲ. ಇವತ್ತು ಬುಧವಾರ, ನನಗೆ ವಾರದ ರಜೆ. ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ಗುಂಪಿನ ಬೇರೆಯವರಿಗೂ ತಿಳಿಯಲಿ ಅಂತ ನೀವು ಕೇಳಿದ್ದನ್ನು ಮೊದಲು ಹೇಳಿಬಿಡುತ್ತೇನೆ. ಪುಣೆ ಹತ್ತಿರದ ಪಿಂಪ್ರಿಯಲ್ಲಿ ನಿಮ್ಮದು ನಾಲ್ಕು ಜನರ ಮನೆ. ಮಗನಿಗೆ 13, ಮಗಳಿಗೆ 9. ಒಂದು ಅಮ್ಯೂಸ್‌ಮೆಂಟ್ ಪಾರ್ಕಿನವರು ಫೋನ್ ಮಾಡಿ ವರ್ಷದ ಪಾಸ್ ತಗೊಳ್ಳಿ ಅಂದಿದ್ದಾರೆ. ತಲೆಗೆ 4,200 ರೂಪಾಯಿ. ಹೋದ ವರ್ಷ ಇದೇ ಪಾಸ್ 3,500 ಇತ್ತು. ಒಂದು ದಿನದ ಟಿಕೆಟ್ 1,400. ಹೋದ ಸಲ ಮಗ ಆಸೆಪಟ್ಟು ಹೋಗಿದ್ದ ದೊಡ್ಡ ರೋಲರ್ ಕೋಸ್ಟರ್ ಬಂದ್ ಇತ್ತು, ಮಗಳ ಇಷ್ಟದ ದೋಣಿ ರೈಡ್ ತೆಗೆದೇ ಹಾಕಿದ್ದರು. ಭಾವನವರು "ಮೂರು ಸಲ ಹೋದರೆ ದುಡ್ಡು ವಸೂಲಿ" ಅನ್ನುತ್ತಾರೆ. ನಿಮಗೆ ಅನುಮಾನ.

ನಿಮ್ಮ ಅನುಮಾನ ಸರಿ ಇದೆ. ನಾಲ್ಕು ಪಾಸ್ ತಗೋಬೇಡಿ. ಎರಡು ತಗೊಳ್ಳಿ, ಮಗನಿಗೆ ಒಂದು, ಭಾವನಿಗೆ ಒಂದು. ಅದೂ ಕೆಳಗೆ ಹೇಳಿದ್ದನ್ನು ಕೇಳಿ ತಿಳಿದುಕೊಂಡ ಮೇಲೆ.

ಮೊದಲು ದುಡ್ಡಿನ ಮಾತು. 4,200ನ್ನು 1,400ರಿಂದ ಭಾಗಿಸಿದರೆ ಮೂರು ಬರುತ್ತದೆ, ಭಾವ ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಆದರೆ ಫೋನಿನಲ್ಲಿ ಹೇಳಿದ 4,200ರಲ್ಲಿ ಜಿಎಸ್‌ಟಿ ಸೇರಿದೆಯಾ ಅಂತ ಕೇಳಿದಿರಾ? ಪಾರ್ಕ್ ಪ್ರವೇಶಕ್ಕೆ 2017ರಲ್ಲಿ ಜಿಎಸ್‌ಟಿ ಬಂದಾಗ 28% ಇತ್ತು, 2018ರ ಜನವರಿಯಲ್ಲಿ 18%ಕ್ಕೆ ಇಳಿಸಿದರು. 4,200ರ ಮೇಲೆ 18% ಹಾಕಿದರೆ 4,956 ಆಗುತ್ತದೆ. ಟಿಕೆಟ್‌ನ 1,400 ತೆರಿಗೆ ಸೇರಿಸಿ ಹೇಳಿದ್ದು, ಪಾಸ್‌ನ 4,200 ತೆರಿಗೆ ಬಿಟ್ಟು ಹೇಳಿದ್ದು ಅಂತಾದರೆ ಮೂರು ಸಲ ಸಾಲುವುದಿಲ್ಲ, ನಾಲ್ಕು ಸಲ ಹೋಗಬೇಕು. ಇನ್ನೊಂದು, ವಾರದ ದಿನಕ್ಕೆ ಮುಂಚೆಯೇ ಆನ್‌ಲೈನ್‌ನಲ್ಲಿ ಬುಕ್ ಮಾಡಿದರೆ ಟಿಕೆಟ್ ಎಷ್ಟೋ ಸಲ ಕಡಿಮೆಗೆ ಸಿಗುತ್ತದೆ. 1,100ಕ್ಕೆ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಮೂರು ಸಲಕ್ಕೆ 3,300. ಪಾಸ್‌ಗಿಂತ ಟಿಕೆಟ್ಟೇ ಅಗ್ಗ ಆಯಿತಲ್ವಾ?

ನಾಲ್ಕನೇ ಸಲದಿಂದ ಬಿಟ್ಟಿ ಅನ್ನುತ್ತಾರಲ್ಲ, ಅದು ಬರೀ ಗೇಟಿನ ಮಟ್ಟಿಗೆ ಬಿಟ್ಟಿ. ಪೆಟ್ರೋಲ್, ಟೋಲ್, ಪಾರ್ಕಿಂಗ್, ಊಟ, ಲಾಕರ್, ಎಲ್ಲ ಪ್ರತಿ ಸಲವೂ ಇದ್ದದ್ದೇ. ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇ ಪೂರ್ತಿ ದಾರಿಗೆ ಕಾರಿನ ಟೋಲ್ 2023ರ ಏಪ್ರಿಲ್‌ನಲ್ಲಿ 270ರಿಂದ 320 ಆಯಿತು. ನಾವು ಯಾರೂ ಪೂರ್ತಿ ದಾರಿ ಹೋಗುವುದಿಲ್ಲ, ನೀವು ಘಾಟ್ ಇಳಿದು ಬರುತ್ತೀರಿ, ನಾನು ಈ ಕಡೆಯಿಂದ ಬರುತ್ತೇನೆ. ಆದರೂ ಹೋಗಿ ಬರುವ ಎರಡೂ ಕಡೆ ಕೊಡಬೇಕು. ನಾಲ್ಕು ಜನರ ಮೇಲಿನ ಖರ್ಚು ನನಗೆ ಮೂರರಿಂದ ನಾಲ್ಕು ಸಾವಿರ ಬರುತ್ತದೆ. ವರ್ಷಕ್ಕೆ ಆರು ಸಲ ಹೋದರೆ ಪಾಸ್‌ಗಿಂತ ಈ ಖರ್ಚೇ ಜಾಸ್ತಿ.

ಈಗ ಕ್ಯಾಲೆಂಡರ್ ತೆಗೆದು ಹೋಗುವ ದಿನಗಳಿಗೆ ನಿಜವಾಗಿ ಗುರುತು ಹಾಕಿ. ಮೇ ತಿಂಗಳು ನೀವೂ ನಮ್ಮಂತೆ ಊರಿಗೆ ಹೋಗುವವರು, ಅದು ಹೋಯಿತು. (ಊರಿಗೆ ಹೋದಾಗ ಮಕ್ಕಳು ಬಿಡದಿಯ ವಂಡರ್‌ಲಾಗೆ ಹಠ ಮಾಡುತ್ತಾರೆ, ಇಲ್ಲಿಯ ಪಾಸ್ ಅಲ್ಲಿ ನಡೆಯುವುದಿಲ್ಲ.) ಗಣಪತಿ ಹಬ್ಬ ಹೋಯಿತು. ಪರೀಕ್ಷೆಯ ಎರಡು ತಿಂಗಳು ಹೋಯಿತು. ದೀಪಾವಳಿ, ಕ್ರಿಸ್‌ಮಸ್, ಹೊಸ ವರ್ಷದ ದಿನಗಳಲ್ಲಿ ಎಷ್ಟೋ ಪಾಸ್‌ಗಳನ್ನು ಬಿಡುವುದಿಲ್ಲ, ಆ ದಿನಗಳ ಪಟ್ಟಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ದುಡ್ಡು ಕೊಡುವ ಮೊದಲೇ ಆ ಪಟ್ಟಿ ವಾಟ್ಸಾಪ್‌ಗೆ ಕಳಿಸಿ ಅನ್ನಿ. ಕಳಿಸದಿದ್ದರೆ ಪಾಸ್ ಬೇಡವೇ ಬೇಡ. ಇಷ್ಟೆಲ್ಲ ತೆಗೆದ ಮೇಲೆ ಎಷ್ಟು ದಿನ ಉಳಿಯಿತು ನೋಡಿ. ನಮ್ಮ ಮನೆಯಲ್ಲಿ ಮೊದಲ ವರ್ಷ ಹತ್ತು ಸಲ ಹೋಗುತ್ತೇವೆ ಅಂದುಕೊಂಡಿದ್ದೆವು. ಹೋದದ್ದು ಮೂರು ಸಲ.

ನಾಲ್ಕು ಜನರಲ್ಲಿ ಯಾರಿಗೆ ಪಾಸ್ ಅನ್ನುವುದೂ ಮುಖ್ಯ. ನಿಮಗೆ ತಲೆಸುತ್ತು ಬರುತ್ತದೆ, ಬ್ಯಾಗ್ ಹಿಡಿದು ಬೆಂಚಿನ ಮೇಲೆ ಕೂರುತ್ತೇನೆ ಅಂತ ಬರೆದಿದ್ದೀರಿ. ಬೆಂಚಿಗೆ 4,200 ಯಾಕೆ? ಮಗಳು 128 ಸೆಂಟಿಮೀಟರ್ ಅಂದಿರಿ. ದೊಡ್ಡ ಕೋಸ್ಟರ್‌ಗಳ ಬಾಗಿಲಲ್ಲಿ ಅಳತೆ ಕೋಲು ಇಟ್ಟಿರುತ್ತಾರೆ, ಅಲ್ಲಿ ಮುಟ್ಟದಿದ್ದರೆ ಒಳಗೆ ಬಿಡುವುದಿಲ್ಲ. ಈ ವರ್ಷ ಅವಳಿಗೆ ಅರ್ಧ ಪಾರ್ಕ್ ಮಾತ್ರ ಸಿಗುತ್ತದೆ. ಅವಳಿಗೆ ಒಂದೋ ಎರಡೋ ಸಲ ಟಿಕೆಟ್ ತಗೊಳ್ಳಿ, ಎತ್ತರ ಆದ ವರ್ಷ ಪಾಸ್ ಮಾಡಿಸಿ. ಮಗನ ವಯಸ್ಸು ಮಾತ್ರ ಇದಕ್ಕೆ ಸರಿಯಾದ ವಯಸ್ಸು. ಹತ್ತನೇ ಕ್ಲಾಸಿಗೆ ಬಂದ ಮೇಲೆ ಅವನಿಗೆ ಪುರುಸೊತ್ತು ಇರುವುದಿಲ್ಲ. ಅವನ ಜೊತೆ ದೊಡ್ಡವರು ಒಬ್ಬರು ಬೇಕು, ಭಾವನಿಗೆ ಉತ್ಸಾಹ ಇದೆ. ಅಪ್ಪ ಮಗ ಇಬ್ಬರೇ ಬೆಳಿಗ್ಗೆ ಹೋಗಿ ಮೂರು ಗಂಟೆಗೆ ಮನೆ ಕಡೆ ಹೊರಟರೂ ನಷ್ಟ ಅನಿಸುವುದಿಲ್ಲ. ಪಾಸ್‌ನ ನಿಜವಾದ ಸುಖ ಅದೇ. ಟಿಕೆಟ್ ತಗೊಂಡ ದಿನ ಕಾಲು ಸೋತರೂ ಕತ್ತಲಾಗುವವರೆಗೆ ಓಡಾಡುತ್ತೇವೆ. ಪಾಸ್ ಇದ್ದರೆ ಇಷ್ಟದ ನಾಲ್ಕು ರೈಡ್ ಮುಗಿಸಿ ಆರಾಮಾಗಿ ಬರಬಹುದು.

ಇನ್ನು ಬಂದ್ ಆಗಿದ್ದ ಕೋಸ್ಟರ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನ್ನ ಕೆಲಸವೇ ಲಿಫ್ಟ್ ಮೇಂಟೆನೆನ್ಸ್. ಯಂತ್ರದ ಮೇಲೆ ಜನ ಕೂರುತ್ತಾರೆ ಅಂದಮೇಲೆ ಅದನ್ನು ನಿಲ್ಲಿಸಿ ಬಿಚ್ಚಿ ನೋಡಲೇಬೇಕು. ಕೋಸ್ಟರ್ ಗಾಡಿಗೆ ಮೂರು ಥರದ ಗಾಲಿ ಇರುತ್ತವೆ. ಹಳಿಯ ಮೇಲೆ ಓಡುವುದು ಒಂದು, ಪಕ್ಕದಿಂದ ಒತ್ತಿ ಹಿಡಿಯುವುದು ಒಂದು, ಹಳಿಯ ಕೆಳಗಿನಿಂದ ಹಿಡಿದುಕೊಳ್ಳುವುದು ಒಂದು. ತಲೆಕೆಳಗಾದಾಗ ಗಾಡಿ ಹಳಿ ಬಿಡದಂತೆ ನೋಡಿಕೊಳ್ಳುವುದು ಈ ಮೂರನೆಯದು. ಸ್ಟೇಷನ್‌ನಲ್ಲಿ ಗಾಡಿ ಬಂದು ನಿಂತಾಗ ಬಗ್ಗಿ ನೋಡಿ, ಕಾಣುತ್ತದೆ. ಗಾಲಿಯ ಹೊರಗಿನ ಪದರ ರಬ್ಬರಿನ ಥರದ ಪಾಲಿಯುರೆಥೇನ್, ಸವೆಯುತ್ತದೆ, ಬದಲಿಸುತ್ತಾರೆ. ವರ್ಷಕ್ಕೊಮ್ಮೆ ಗಾಡಿಯನ್ನೇ ಪೂರ್ತಿ ಬಿಚ್ಚಿ, ಕಣ್ಣಿಗೆ ಕಾಣದ ಬಿರುಕು ಇದೆಯಾ ಅಂತ ಆಕ್ಸಲ್, ಬೋಲ್ಟ್ ಎಲ್ಲ ಪರೀಕ್ಷೆ ಮಾಡಬೇಕು. ಚೈನ್ ಎಳೆಯುವಾಗ ಟಕ್ ಟಕ್ ಟಕ್ ಅಂತ ಸದ್ದು ಬರುತ್ತದಲ್ಲ, ಮಕ್ಕಳು ಹೆದರುವುದು ಆ ಸದ್ದಿಗೇ. ಅದು ಹಲ್ಲಿನ ಪಟ್ಟಿಯ ಮೇಲೆ ಕೊಕ್ಕೆ ಬೀಳುವ ಸದ್ದು. ಚೈನ್ ತುಂಡಾದರೂ ಗಾಡಿ ಹಿಂದಕ್ಕೆ ಜಾರದಂತೆ ಹಿಡಿಯುವುದು ಆ ಕೊಕ್ಕೆ. ಮಗಳಿಗೆ ಇದನ್ನು ಹೇಳಿ, ಹೆದರಿಕೆ ಕಡಿಮೆ ಆಗುತ್ತದೆ. ನನ್ನ ಮಗಳಿಗೆ ಆಯಿತು.

ಹಾಗಾಗಿ ರೈಡ್ ಬಂದ್ ಇದ್ದದ್ದಕ್ಕೆ ಸಿಟ್ಟು ಬೇಡ. ಮೊದಲೇ ಹೇಳದೆ ಟಿಕೆಟ್ ಹರಿದು ಕೊಟ್ಟದ್ದಕ್ಕೆ ಸಿಟ್ಟು ಬಂದರೆ ನಾನೂ ನಿಮ್ಮ ಕಡೆಯೇ. ನನಗೂ ಒಂದು ಪಾರ್ಕಿನಲ್ಲಿ ಹಾಗೇ ಆಗಿತ್ತು. ಎರಡು ಗಂಟೆ ಪ್ರಯಾಣ ಮಾಡಿ, ಐದು ಟಿಕೆಟ್ ತಗೊಂಡು ಒಳಗೆ ಹೋದರೆ ಮೂರು ರೈಡ್ ಮುಂದೆ ಹಗ್ಗ ಕಟ್ಟಿದ್ದರು. ಮಗಳು ಆ ಹಗ್ಗ ಹಿಡಿದುಕೊಂಡು ಸುಮ್ನೆ ನಿಂತಿದ್ದಳು, ಹೊಟ್ಟೆ ಚುರುಕ್ ಅಂತು. ಅವತ್ತಿನಿಂದ ಹೊರಡುವ ದಿನ ಬೆಳಿಗ್ಗೆಯೇ ಫೋನ್ ಮಾಡುತ್ತೇನೆ. "ಎಲ್ಲ ಚಾಲೂ ಇದೆಯಾ?" ಅಂತ ಕೇಳಬೇಡಿ, ಹೌದು ಅನ್ನುತ್ತಾರೆ. "ಆಜ್ ಕುಠಲೀ ರೈಡ್ ಬಂದ್ ಆಹೇ?" (ಇವತ್ತು ಯಾವ ರೈಡ್ ಬಂದ್ ಇದೆ?) ಅಂತ ಮರಾಠಿಯಲ್ಲಿ ಕೇಳಿ. ಆಮೇಲೆ ನಿಮಗೆ ಬೇಕಾದ ಮೂರು ರೈಡ್‌ಗಳ ಹೆಸರು ಹೇಳಿ ಒಂದೊಂದಾಗಿ ಕೇಳಿ. ಪಾಸ್ ತಗೊಳ್ಳುವಾಗಲೂ ಇದೇ ಪ್ರಶ್ನೆ, ಈ ವರ್ಷ ಯಾವ ರೈಡ್ ಎಷ್ಟು ದಿನ ಮೇಂಟೆನೆನ್ಸ್‌ಗೆ ಹೋಗುತ್ತದೆ, ಯಾವುದನ್ನು ತೆಗೆಯುತ್ತಾರೆ, ಹೊಸದು ಯಾವುದು ಬರುತ್ತದೆ. "ಬರಲಿದೆ" ಅನ್ನುವ ರೈಡ್‌ಗೆ ದುಡ್ಡು ಕೊಡಬೇಡಿ. ಕಣ್ಣೆದುರು ಓಡುತ್ತಿರುವ ರೈಡ್‌ಗೆ ಕೊಡಿ.

ಒಂದಕ್ಕಿಂತ ಜಾಸ್ತಿ ವರ್ಷದ ಪಾಸ್ ಕೊಡುತ್ತೇವೆ ಅಂದರೂ ಬೇಡ. ಮುಂಬಯಿಯ ಗೋರಾಯಿಯಲ್ಲಿದ್ದ ಎಸ್ಸೆಲ್ ವರ್ಲ್ಡ್ ಪಾರ್ಕ್ 1989ರಲ್ಲಿ ಶುರುವಾದದ್ದು. ನಮ್ಮನ್ನು ಶಾಲೆಯಿಂದ ಕರೆದುಕೊಂಡು ಹೋಗಿದ್ದರು, ಸಮುದ್ರದ ಖಾರಿ (ಹಿನ್ನೀರು) ದಾಟಲು ಫೆರಿ ಹತ್ತಿದಾಗ ಒಣ ಬೊಂಬಿಲ್ ಮೀನಿನ ವಾಸನೆ ಬರುತ್ತಿತ್ತು, ಆ ದಡದಲ್ಲಿ ಜೈಂಟ್ ವೀಲ್ ಕಂಡರೆ ಎಲ್ಲರೂ ಕೂಗುತ್ತಿದ್ದೆವು. ಮುಂಬಯಿಯಲ್ಲಿ ಬೆಳೆದ ನಮ್ಮ ವಯಸ್ಸಿನವರಿಗೆ ಅದು ಬರೀ ಪಾರ್ಕ್ ಅಲ್ಲ. 2022ರಲ್ಲಿ ಅದು ಮುಚ್ಚಿತು. ಪಕ್ಕದ ವಾಟರ್ ಕಿಂಗ್‌ಡಮ್ ಉಳಿಯಿತು. ಅಷ್ಟು ದೊಡ್ಡದೇ ಮುಚ್ಚಬಹುದಾದರೆ ಮೂರು ವರ್ಷ ಮುಂದಿನ ದುಡ್ಡು ಈಗ ಯಾಕೆ ಕೊಡಬೇಕು?

ಮಗನಿಗೆ ಕೋಸ್ಟರ್ ಹುಚ್ಚು ಅಂದಿರಲ್ಲ, ಒಂದು ದಿನ ಖೋಪೋಲಿಯ ಇಮ್ಯಾಜಿಕಾಕ್ಕೆ ಕರೆದುಕೊಂಡು ಹೋಗಿ ನೈಟ್ರೋ ಅನ್ನುವ ಕೋಸ್ಟರ್ ಹತ್ತಿಸಿ. ಪಿಂಪ್ರಿಯಿಂದ ಎಕ್ಸ್‌ಪ್ರೆಸ್‌ವೇನಲ್ಲಿ ಘಾಟ್ ಇಳಿದು ಖೋಪೋಲಿಯಲ್ಲಿ ಪಾಲಿ ರಸ್ತೆಗೆ ತಿರುಗಬೇಕು. ಪಾರ್ಕ್ ಮತ್ತು ನೈಟ್ರೋ ಎರಡೂ 2013ರವು. ನೈಟ್ರೋ ಸ್ವಿಟ್ಜರ್ಲೆಂಡಿನ ಬೊಲಿಗರ್ ಆಂಡ್ ಮಾಬಿಯಾರ್ ಕಂಪನಿಯದು, ಸುಮಾರು 40 ಮೀಟರ್ ಎತ್ತರ, ಗಂಟೆಗೆ 105 ಕಿಲೋಮೀಟರ್ ವೇಗ, ಐದು ಸಲ ತಲೆಕೆಳಗು. ಕಾಲಿನ ಕೆಳಗೆ ನೆಲ ಇರುವುದಿಲ್ಲ. ಕೂತು ಲಾಕ್ ಹಾಕಿದ ಮೇಲೆ ಸ್ಟೇಷನ್‌ನ ನೆಲ ಸರಿದು ಕೆಳಗೆ ಹೋಗುತ್ತದೆ, ಮುಂದಿನ ಗೇಟ್ ತೆರೆಯುತ್ತದೆ, ಕಾಲು ಗಾಳಿಯಲ್ಲಿ ನೇತಾಡುತ್ತದೆ. ಮೊದಲ ಸಾಲಿನಲ್ಲಿ ಕೂರಲು ಇನ್ನೂ ಕಾಲು ಗಂಟೆ ಜಾಸ್ತಿ ಕಾಯಬೇಕಾದರೂ ಕಾಯಿರಿ. ಮಗಳಿಗೆ ಅಲ್ಲಿ ರಾಜಾಸಾರಸ್ ನೀರಿನ ರೈಡ್ ಇದೆ. ರಾಜಾಸಾರಸ್ ನಮ್ಮ ದೇಶದ್ದೇ ಡೈನೋಸಾರ್, ಮೂಳೆ ಸಿಕ್ಕಿದ್ದು ಗುಜರಾತಿನಲ್ಲಿ, ಹೆಸರಿಟ್ಟದ್ದು 2003ರಲ್ಲಿ. ಇದನ್ನು ಹೇಳಿ ಕರೆದುಕೊಂಡು ಹೋದರೆ ಅವಳೂ ಕಣ್ಣರಳಿಸಿ ನೋಡುತ್ತಾಳೆ.

ಯಾವ ದಿನ ಹೋಗಬೇಕು ಅಂತ ಕೇಳಿದ್ದಿರಿ. ಶನಿವಾರ, ಭಾನುವಾರ ಬೇಡ, ಘಾಟ್‌ನಲ್ಲೇ ಅರ್ಧ ದಿನ ಹೋಗುತ್ತದೆ. ನವೆಂಬರ್‌ನಿಂದ ಜನವರಿವರೆಗೆ ವಾರದ ದಿನವೂ ಶಾಲೆಯ ಬಸ್‌ಗಳು ಸಾಲು ನಿಂತಿರುತ್ತವೆ. ಜೂನ್ 15ರ ಸುಮಾರಿಗೆ ಇಲ್ಲಿ ಶಾಲೆ ಶುರುವಾದ ಮೇಲೆ ಕ್ಯೂ ಚಿಕ್ಕದಾಗುತ್ತದೆ, ಆದರೆ ಆ ಕಡೆ ಮಳೆ ಜೋರು. ಗುಡುಗು ಮಿಂಚು ಬಂದರೆ ಹೊರಗಿನ ರೈಡ್ ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು. ಮಳೆಗಾಲದ ಆಫರ್ ಅಗ್ಗ ಕಂಡರೆ ಇದನ್ನೂ ಲೆಕ್ಕಕ್ಕೆ ತಗೊಳ್ಳಿ. ಸೆಪ್ಟೆಂಬರ್ ಕೊನೆಯ ಮಂಗಳವಾರ, ಬುಧವಾರ ನನಗೆ ಹೆಚ್ಚು ಸಲ ಒಗ್ಗಿದೆ.

ಒಳಗೆ ಹೋದ ಮೇಲೆ ಕ್ಯೂ ನೋಡಿ ಗಾಬರಿಯಾಗಬೇಡಿ, ವಾಚ್ ನೋಡಿ. ಒಂದು ಗಾಡಿ ಹೊರಟು ಮುಂದಿನದು ಹೊರಡುವವರೆಗೆ ಎಷ್ಟು ನಿಮಿಷ, ಒಂದು ಗಾಡಿಯಲ್ಲಿ ಎಷ್ಟು ಜನ. ಮೂರು ನಿಮಿಷಕ್ಕೆ 24 ಜನ ಹೋದರೆ ಗಂಟೆಗೆ 480 ಜನ. ನಿಮ್ಮ ಮುಂದೆ 240 ಇದ್ದರೆ ಅರ್ಧ ಗಂಟೆ. ಕೋಸ್ಟರ್ ಹಳಿಯನ್ನು ನಮ್ಮ ಲೋಕಲ್ ಸಿಗ್ನಲ್ ಥರ ಭಾಗ ಮಾಡಿರುತ್ತಾರೆ, ಒಂದು ಭಾಗದಲ್ಲಿ ಒಂದೇ ಗಾಡಿ ಇರಬೇಕು. ಎರಡು ಗಾಡಿ ಬಿಟ್ಟ ದಿನ ಕ್ಯೂ ಬೇಗ ಸರಿಯುತ್ತದೆ, ಒಂದು ಶೆಡ್‌ನಲ್ಲಿದ್ದರೆ ಕಾಯುವುದು ಹೆಚ್ಚುಕಡಿಮೆ ಎರಡರಷ್ಟು. ದುಡ್ಡು ಕೊಟ್ಟು ಕ್ಯೂ ತಪ್ಪಿಸುವ ಎಕ್ಸ್‌ಪ್ರೆಸ್ ಟಿಕೆಟ್ ತಗೊಳ್ಳುವ ಮೊದಲು ಇದನ್ನು ಎಣಿಸಿ. ಎಷ್ಟೋ ಸಲ ಅದು ಬೇಕಾಗುವುದೇ ಇಲ್ಲ.

ವಾಟರ್ ಪಾರ್ಕ್‌ಗೂ ಹೋಗುವುದಾದರೆ ಬಟ್ಟೆ ಮನೆಯಿಂದಲೇ ಒಯ್ಯಿರಿ. ಹತ್ತಿ ಬಟ್ಟೆ ಬಿಡುವುದಿಲ್ಲ, ಅದರ ನೂಲು ಹೋಗಿ ಫಿಲ್ಟರ್‌ನಲ್ಲಿ ಕಟ್ಟಿಕೊಳ್ಳುತ್ತದೆ. ನೈಲಾನ್, ಲೈಕ್ರಾ ನಡೆಯುತ್ತದೆ. ಪುಣೆಯ ತುಳಶೀಬಾಗ್ ಮಾರ್ಕೆಟ್‌ನಲ್ಲಿ ಒಮ್ಮೆ ಕೊಂಡರೆ ಪ್ರತಿ ಸಲದ ಬಾಡಿಗೆ ಉಳಿಯುತ್ತದೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಹಾಗಾಗಿ ಬೆಳಿಗ್ಗೆ ಮನೆಯಲ್ಲೇ ಗಟ್ಟಿಯಾಗಿ ತಿಂದು ಹೊರಡಿ. ಉಪ್ಪಿಟ್ಟು ಸಾಲದು, ರೊಟ್ಟಿ ಪಲ್ಯ ಆಗಲಿ. ಆದರೆ ನೈಟ್ರೋ ಹತ್ತುವ ಒಂದು ಗಂಟೆ ಮೊದಲು ಏನೂ ಬೇಡ.

ಈಗ ಮಾಡಬೇಕಾದದ್ದು ಇಷ್ಟು. ಪಾರ್ಕಿನವರಿಗೆ ಫೋನ್ ಮಾಡಿ, ತೆರಿಗೆ ಸೇರಿ ಎಷ್ಟು, ಯಾವ ದಿನ ಬಿಡುವುದಿಲ್ಲ, ಯಾವ ರೈಡ್ ಬಂದ್, ಈ ಮೂರು ಕೇಳಿ. ರಾತ್ರಿ ಮಗಳನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಎತ್ತರ ಇನ್ನೊಮ್ಮೆ ಅಳೆಯಿರಿ, 128 ಅನ್ನುವುದು ಶಾಲೆಯ ಹಳೆಯ ಲೆಕ್ಕ ಇರಬಹುದು. ಎರಡನ್ನೂ ಇಲ್ಲಿ ಬರೆಯಿರಿ. ಅವಳಿಗೆ ಯಾವ ಯಾವ ರೈಡ್ ಸಿಗುತ್ತದೆ ಅಂತ ನಾನೂ, ಇಲ್ಲಿಯ ಪುಣೆಯವರೂ ಸೇರಿ ಹೇಳುತ್ತೇವೆ.