ಶಾಲೆಯ ಐದು ಗುಂಟೆಯಲ್ಲಿ ಕಾಡು: ಸಸಿಗಿಂತ ಮೊದಲು ಬೇಸಿಗೆಯ ನೀರು ಕೇಳಿ

ಮೇಡಂ, ನಿಮ್ಮ ಪ್ರಶ್ನೆ ಓದಿದೆ. ಶಿರಾ ಕಡೆಯ ಸರ್ಕಾರಿ ಶಾಲೆ, ಹಿಂದುಗಡೆ ಐದು ಗುಂಟೆ ಖಾಲಿ ಜಾಗ. ಒಂದು ಕಂಪನಿಯವರು 1,500 ಸಸಿ ಕೊಟ್ಟು ಜೂನ್ 5ರ ಪರಿಸರ ದಿನಕ್ಕೆ ಮಿಯಾವಾಕಿ ಕಾಡು (ಸಸಿಗಳನ್ನು ಒತ್ತೊತ್ತಾಗಿ ನೆಟ್ಟು ಬೆಳೆಸುವ ಕಾಡು) ಮಾಡಿಕೊಡುತ್ತೇವೆ ಅಂದಿದ್ದಾರೆ, ಒಪ್ಪಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಖಂಡಿತ ಒಪ್ಪಿಕೊಳ್ಳಿ. ಆದರೆ ಸಸಿ ಕಡಿಮೆ ಮಾಡಿಸಿ, ಉಳಿದ ದುಡ್ಡನ್ನು ಬೇಲಿಗೂ ಎರಡು ಬೇಸಿಗೆಯ ನೀರಿಗೂ ಕೇಳಿ.

ಲೆಕ್ಕ ನೋಡಿ. ಒಂದು ಗುಂಟೆ ಅಂದರೆ ಸುಮಾರು 101 ಚದರ ಮೀಟರ್. ಐದು ಗುಂಟೆಗೆ 505. ಚದರ ಮೀಟರಿಗೆ ಮೂರು ಸಸಿಯಂತೆ ಅವರು 1,500 ಹೇಳಿದ್ದಾರೆ. ಒಂದೊಂದಕ್ಕೆ ಐದು ಲೀಟರ್ ಹಾಕಿದರೂ ಒಂದು ಸಲಕ್ಕೆ 7,500 ಲೀಟರ್ ಬೇಕು, ಅಂದರೆ ಒಂದೂವರೆ ಟ್ಯಾಂಕರ್. ಏಪ್ರಿಲ್‌ನಲ್ಲಿ ಯಾರು ತರಿಸುತ್ತಾರೆ? ಅದೇ ಎರಡು ಮೀಟರಿಗೊಂದು ಮರದ ಸಸಿ ಹಾಕಿದರೆ 125 ಹಿಡಿಯುತ್ತದೆ. ತಲಾ ಹತ್ತು ಲೀಟರ್ ಕೊಟ್ಟರೂ 1,250 ಲೀಟರ್. ಇದು ಶಾಲೆಯ ಕೈಗೆ ಎಟಕುವ ಮಾತು.

ಮಿಯಾವಾಕಿ ಪದ್ಧತಿ ಕೆಟ್ಟದ್ದು ಅಂತ ಅಲ್ಲ. ಅದು ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ಅವರು ಅಲ್ಲಿನ ಮಳೆಗೆ ರೂಢಿಸಿದ ಕ್ರಮ. ಅಲ್ಲಿ ವರ್ಷಕ್ಕೆ 1,500 ಮಿ.ಮೀ. ಮೇಲೆ ಸುರಿಯುತ್ತದೆ. ನಿಮ್ಮಲ್ಲಿ 600ರ ಆಸುಪಾಸು, ಅದೂ ನಂಬುವ ಹಾಗಿಲ್ಲ. ನಿಮ್ಮ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡನ್ನೇ ನೋಡಿ. 2019ರಲ್ಲಿ ಚಿಂಕಾರ ವನ್ಯಧಾಮ ಅಂತ ಘೋಷಣೆ ಆಯಿತಲ್ಲ, ಅದು. ಅಲ್ಲಿ ಮರಗಳು ದೂರ ದೂರ, ನಡುವೆ ಹುಲ್ಲು, ಕುರುಚಲು ಗಿಡ. ನಿಮ್ಮ ಸೀಮೆಯ ಕಾಡು ಇರುವುದೇ ಹಾಗೆ. ಮಕ್ಕಳಿಗೆ ತೋರಿಸಬೇಕಾದ್ದೂ ಅದೇ ಅಲ್ವಾ?

ಗಿಡಗಳ ವಿಚಾರ. ಕಮರ, ದಿಂಡಿಗ, ಹೊಂಗೆ, ಬೇವು, ಮುತ್ತುಗ, ಕಕ್ಕೆ, ಬೇಲ, ಚಳ್ಳೆ. ನಡುವೆ ತಂಗಡಿ, ಬಂದರಿಕೆ, ಲಕ್ಕಿ, ಕವಳೆ. ಬಂದರಿಕೆ ಮತ್ತು ಲಕ್ಕಿಯನ್ನು ಮೇಕೆ ಸಾಮಾನ್ಯವಾಗಿ ಮುಟ್ಟುವುದಿಲ್ಲ, ಹಾಗಾಗಿ ಅವನ್ನು ಹೊರಸುತ್ತಿಗೆ ಹಾಕಿ. ಕಮರಕ್ಕೆ ತಾಯಿಬೇರು ಬೇಗ ಆಳಕ್ಕೆ ಇಳಿಯುತ್ತದೆ, ಚೀಲದಲ್ಲಿ ಹೆಚ್ಚು ದಿನ ಇಟ್ಟರೆ ಕೆಡುತ್ತದೆ. ಬೀಜ ಸಿಕ್ಕಿದರೆ ಗುಂಡಿಯಲ್ಲೇ ಎರಡು ಮೂರು ಊರಿಸಿ. ಆ ಕೆಲಸ ಮಕ್ಕಳಿಗೆ ಕೊಡಿ. ಗುಲ್‌ಮೊಹರ್, ಅಕೇಶಿಯಾ, ಸುಬಾಬುಲ್, ಕೊನೊಕಾರ್ಪಸ್ ತಂದರೆ ವಾಪಸ್ ಕಳಿಸಿ. ಬೇಗ ಹಸಿರಾಗುತ್ತದೆ ಅಂತ ಗುತ್ತಿಗೆಯವರು ಇವನ್ನೇ ತುಂಬುತ್ತಾರೆ.

ಶಾಲೆ ಅಂದಮೇಲೆ ಇನ್ನೂ ಕೆಲವು ಬೇಡ. ಕಣಗಿಲೆ, ಕಾಸರಕ, ಗುಲಗಂಜಿ ವಿಷ. ಕರಿಗೇರು ಮೈಗೆ ತಾಗಿದರೆ ಗುಳ್ಳೆ ಏಳುತ್ತದೆ. ಬೇಲಿಗೆ ಕಳ್ಳಿ ಹಾಕಬೇಡಿ, ಅದರ ಹಾಲು ಮಕ್ಕಳ ಕಣ್ಣಿಗೆ ಬಿದ್ದರೆ ಕಷ್ಟ. ಶ್ರೀಗಂಧವಂತೂ ಬೇಡವೇ ಬೇಡ. ಬಲಿತ ಮೇಲೆ ರಾತ್ರಿ ಬರುವವರನ್ನು ಕಾಯುವುದು ಮೇಷ್ಟ್ರುಗಳ ಕೆಲಸವಲ್ಲ. ಆಲ, ಅರಳಿ ಬೇಕು ಅಂದರೆ ಕಟ್ಟಡದಿಂದ 30 ಅಡಿ ಆಚೆ ಒಂದೇ ಒಂದು ಸಾಕು.

ಜೂನ್ 5ಕ್ಕೆ ಫೋಟೋ ಬೇಕಿದ್ದರೆ ಗುಂಡಿ ತೋಡುವ ಕಾರ್ಯಕ್ರಮ ಇಟ್ಟುಕೊಳ್ಳಲಿ. ನಿಮ್ಮ ಕಡೆ ಜಾಸ್ತಿ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್‌ನಲ್ಲಿ ನೆಟ್ಟು ಜುಲೈ ಪೂರ್ತಿ ಗಾಳಿಗೆ ಒಣಗಿಸುವುದು ಯಾಕೆ? ಎರಡು ಹದವಾದ ಮಳೆ ಆಗಲಿ, ಆಗಸ್ಟ್‌ನಲ್ಲಿ ನೆಡಿ. ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ ಇರಲಿ. ಮೇಲ್ಮಣ್ಣಿಗೆ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ.

ನೆಡುವಾಗ ಚೀಲವನ್ನು ಎಳೆದು ಕೀಳಬೇಡಿ. ಬ್ಲೇಡಿನಲ್ಲಿ ಪಕ್ಕಕ್ಕೆ ಸೀಳಿ, ಮಣ್ಣಿನ ಹೆಂಟೆ ಒಡೆಯದ ಹಾಗೆ ಎತ್ತಿ ತಳ ನೋಡಿ. ಬೇರು ಸಿಂಬಿ ಸುತ್ತಿಕೊಂಡಿದ್ದರೆ ಆ ಸುತ್ತನ್ನು ಕತ್ತರಿಸಿ ಹಾಕಿ. ಹಾಗೇ ನೆಟ್ಟರೆ ಬೇರು ಅಲ್ಲೇ ಸುತ್ತುತ್ತಾ ಇರುತ್ತದೆ, ಗಿಡ ಮುಂದೆಂದೋ ಬಿರುಗಾಳಿಗೆ ಬುಡಮೇಲಾಗುತ್ತದೆ. ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದ ಬದು ಕಟ್ಟಿ, ಮಳೆನೀರು ಬುಡದಲ್ಲೇ ನಿಲ್ಲಲಿ. ಮೇಲೆ ಕಡಲೆಕಾಯಿ ಸಿಪ್ಪೆ ಹರಡಿ, ನಿಮ್ಮೂರಲ್ಲಿ ಎಣ್ಣೆ ಮಿಲ್ಲಿನಿಂದ ಸುಲಭವಾಗಿ ಸಿಗುತ್ತದೆ. ಕಾಂಡಕ್ಕೆ ತಾಗಿಸಬೇಡಿ, ಒಂದು ಗೇಣು ಬಿಡಿ, ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ. ಗುಂಡಿಗೆ ಒಂದು ಹಿಡಿ ಬೇವಿನ ಹಿಂಡಿ ಹಾಕಿದರೆ ಇನ್ನೂ ಒಳ್ಳೆಯದು.

ಜಾಗದಲ್ಲಿ ಬಳ್ಳಾರಿ ಜಾಲಿ ಇದ್ದೇ ಇರುತ್ತದೆ. ಬುಡಸಮೇತ ಕೀಳಿಸಿ, ಸುಮ್ನೆ ಕಡಿದರೆ ಮತ್ತೆ ಚಿಗುರುತ್ತದೆ. ಕಡಿದ ಮುಳ್ಳನ್ನು ಕಾಂಪೌಂಡ್ ಇಲ್ಲದ ಕಡೆ ಒಟ್ಟಿಸಿ, ತಂತಿಬೇಲಿ ಬರುವವರೆಗೆ ಅದೇ ಬೇಲಿ.

ಇನ್ನು ನೀರು. ಬಿಸಿಯೂಟದ ತಟ್ಟೆ ತೊಳೆಯುವ ನೀರು ಎಲ್ಲಿಗೆ ಹೋಗುತ್ತದೆ? 200 ಮಕ್ಕಳು ತಲಾ ಎರಡು ಲೀಟರ್ ಬಳಸಿದರೆ ದಿನಕ್ಕೆ 400 ಲೀಟರ್. ಜಲ್ಲಿ ತುಂಬಿದ ಗುಂಡಿಯಲ್ಲಿ ಹಾಯಿಸಿ ತೋಪಿಗೆ ತಿರುಗಿಸಿ. ಕಷ್ಟ ಬರುವುದು ಏಪ್ರಿಲ್, ಮೇ ರಜೆಯಲ್ಲಿ. ಆ ಎರಡು ತಿಂಗಳಿಗೆ ಊರಿನ ಒಬ್ಬರಿಗೆ ಸಂಬಳ ಕೊಟ್ಟು ವಾರಕ್ಕೊಮ್ಮೆ ನೀರು ಹಾಕಿಸಿ. ಕಂಪನಿಯವರ ಪತ್ರದಲ್ಲೇ ಇದನ್ನು ಎರಡು ವರ್ಷಕ್ಕೆ ಬರೆಸಿಕೊಳ್ಳಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಠರಾವು ಮಾಡಿಸಿಡಿ. ನಿಮಗೆ ವರ್ಗ ಆದರೂ ಕೆಲಸ ನಿಲ್ಲಬಾರದು.

ಹಾವಿನ ಭಯ ಅಂತ ಪೋಷಕರು ಬಂದೇ ಬರುತ್ತಾರೆ. ತರಗತಿ ಗೋಡೆಯಿಂದ ಹತ್ತು ಅಡಿ ಬರಿದಾಗಿ ಬಿಡಿ, ಒಳಗೆ ಮೂರು ಅಡಿ ದಾರಿ ಮಾಡಿ ಹುಲ್ಲು ಸವರಿಸುತ್ತಿರಿ.

ಮಣ್ಣು ಕೆಂಪೋ, ಎರೆಯೋ? ಬೋರ್‌ವೆಲ್ ಬೇಸಿಗೆಯಲ್ಲಿ ಎಷ್ಟು ಹೊತ್ತು ನೀರು ಕೊಡುತ್ತದೆ? ಎರಡನ್ನೂ ತಿಳಿಸಿ, ಜಾಗದ ಒಂದು ಫೋಟೋನೂ ಹಾಕಿ. ಯಾವ ಗಿಡ ಎಲ್ಲಿ ಅಂತ ನಕ್ಷೆ ಬರೆದು ಕಳಿಸುತ್ತೇನೆ.