ಅರ್ಧ ಮಾತ್ರೆ, ಪೂರ್ತಿ ಮಾತ್ರೆ

ಪ್ರಶ್ನೆ: ಡಾಕ್ಟರೇ, ನನಗೆ 36 ವರ್ಷ. ಹೈಸ್ಕೂಲಿನಲ್ಲಿ ಗಣಿತ ಟೀಚರ್. ಒಂದು ವರ್ಷದಿಂದ ಸುಮ್‌ಸುಮ್ನೆ ಎದೆ ಡವಡವ, ಅಂಗೈಯಲ್ಲಿ ಬೆವರು, ರಾತ್ರಿ ಮೂರಕ್ಕೆ ಎಚ್ಚರ. ಇಸಿಜಿ, ಥೈರಾಯ್ಡ್ ಎಲ್ಲ ನಾರ್ಮಲ್. ಮನೋವೈದ್ಯರು ಆತಂಕಕ್ಕೆಂದು ಎಸ್ಸಿಟಾಲೊಪ್ರಾಮ್ ಮಾತ್ರೆ 5 ಮಿ.ಗ್ರಾಂ ಶುರು ಮಾಡಿ, ವಾರದ ಮೇಲೆ 10ಕ್ಕೆ ಏರಿಸಿದರು. ರಾತ್ರಿಗೆ ಕ್ಲೊನಜೆಪಾಮ್ 0.25. 10 ಮಾಡಿದ ಮೇಲೆ ಹೊಟ್ಟೆ ತೊಳಸುತ್ತದೆ, ಚಡಪಡಿಕೆ ಜಾಸ್ತಿ. ಹತ್ತು ದಿನದಿಂದ ನಾನೇ ಅರ್ಧ ಮಾಡಿ ನುಂಗುತ್ತಿದ್ದೇನೆ. ರಾತ್ರಿ ಮಾತ್ರೆಯಿಂದ ಮಾತ್ರ ಆರಾಮ. ಅದನ್ನೇ ಜಾಸ್ತಿ ಮಾಡಿಕೊಳ್ಳಬಹುದಾ? ನಮ್ಮ ಓರಗಿತ್ತಿ 20 ತೆಗೆದುಕೊಳ್ಳುತ್ತಾರೆ. ನನಗೆ ಸರಿಯಾದ ಡೋಸ್ ಎಷ್ಟು?
– ಹೆಸರು ಬೇಡ, ತಿಪಟೂರು

ಉತ್ತರ: ಟೀಚರೇ, ಎಸ್ಸಿಟಾಲೊಪ್ರಾಮ್ ಜ್ವರದ ಮಾತ್ರೆಯ ಹಾಗಲ್ಲ. ಗುಣ ಕಾಣಲು ಎರಡು ವಾರವಾದರೂ ಬೇಕು, ಡೋಸ್ ಸಾಕೋ ಸಾಲದೋ ಎಂದು ಹೇಳಲು ನಾಲ್ಕರಿಂದ ಆರು ವಾರ. ಆದರೆ ತೊಂದರೆ ಮೊದಲ ವಾರವೇ ಬರುತ್ತದೆ. ಹೊಟ್ಟೆ ತೊಳಸು, ಚಡಪಡಿಕೆ, ನಿದ್ದೆಗೇಡು. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಇಷ್ಟನ್ನು ಮೊದಲೇ ಕೂರಿಸಿಕೊಂಡು ಹೇಳಬೇಕಿತ್ತು. ಚೀಟಿ ಬರೆದು 'ತಿಂಗಳು ಬಿಟ್ಟು ಬನ್ನಿ' ಎಂದು ಕಳಿಸುವುದು ನಮ್ಮ ವೈದ್ಯರ ತಪ್ಪು. ಇದಕ್ಕೆ ಹೆದರಿ ಮಾತ್ರೆ ಬಿಟ್ಟವರನ್ನು ನಾನು ತುಂಬಾ ನೋಡಿದ್ದೇನೆ.

ತಿಂಡಿಯಾದ ಮೇಲೆ ನುಂಗಿ ನೋಡಿ. ತಡೆಯಲಾಗದಿದ್ದರೆ 5ರಲ್ಲೇ ಇನ್ನಷ್ಟು ದಿನ ನಿಂತು ನಿಧಾನವಾಗಿ ಏರಿಸಬಹುದು. ಅದು ಸೋಲಲ್ಲ. ಆದರೆ ಆ ತೀರ್ಮಾನ ವೈದ್ಯರ ಜೊತೆ ಆಗಬೇಕು.

ಓರಗಿತ್ತಿಯ 20 ಅವರದು. ಸಾಮಾನ್ಯವಾಗಿ ಅದೇ ಮೇಲಿನ ಮಿತಿ. ಮಾತ್ರೆಯನ್ನು ಒಬ್ಬೊಬ್ಬರ ಲಿವರ್ ಒಂದೊಂದು ವೇಗದಲ್ಲಿ ಕರಗಿಸುತ್ತದೆ. 5ರಲ್ಲೇ ಚೆನ್ನಾಗಿರುವವರೂ ಇದ್ದಾರೆ. ಡೋಸ್ ನೋಡಿ ಕಾಯಿಲೆ ಅಳೆಯಬೇಡಿ.

ಕ್ಲೊನಜೆಪಾಮ್ ಮಾತ್ರ ನೀವಾಗೇ ಏರಿಸಲೇಬೇಡಿ. ನುಂಗಿದ ಸ್ವಲ್ಪ ಹೊತ್ತಿಗೆ ಹಾಯೆನಿಸುತ್ತದೆ, ಅಲ್ವಾ? ಅದಕ್ಕೇ ಅಭ್ಯಾಸವಾಗಿಬಿಡುತ್ತದೆ. ಎಸ್ಸಿಟಾಲೊಪ್ರಾಮ್ ಹಿಡಿಯುವವರೆಗೆ ಕೆಲವು ವಾರಕ್ಕೆಂದು ಕೊಟ್ಟಿದ್ದು ಅದು. ಹಾಗಂತ ತಟ್ಟನೆ ನಿಲ್ಲಿಸುವುದೂ ಬೇಡ. ಬಹಳ ದಿನ ತೆಗೆದುಕೊಂಡವರು ಹಾಗೆ ನಿಲ್ಲಿಸಿದರೆ ಫಿಟ್ಸ್ ಬರುವುದುಂಟು. ವೈದ್ಯರೇ ಹಂತಹಂತವಾಗಿ ಇಳಿಸುತ್ತಾರೆ.

ಒಂದು ನೋಟ್‌ಬುಕ್ ಇಡಿ. ಎಷ್ಟು ಗಂಟೆ ನಿದ್ದೆ, ಎದೆ ಎಷ್ಟು ಸಲ ಹೊಡೆದುಕೊಂಡಿತು, ಎಷ್ಟು ಮಾತ್ರೆ ನುಂಗಿದಿರಿ. ದಿನಕ್ಕೆ ಮೂರು ಸಾಲು ಸಾಕು. ನನ್ನಲ್ಲಿಗೆ ಬರುತ್ತಿದ್ದ ಒಬ್ಬರು ಐದನೇ ವಾರ ಬರೆದಿದ್ದರು: 'ಇವತ್ತು ಬಸ್ಸಲ್ಲಿ ಒಬ್ಬಳೇ ಹೋಗಿ ಬಂದೆ.' ಆ ಸಾಲು ನೋಡಿಯೇ ಡೋಸ್ ಏರಿಸುವುದನ್ನು ಬಿಟ್ಟೆ.

ಸಾಯುವ ಯೋಚನೆ ಬಂದರೆ ಅವತ್ತೇ ವೈದ್ಯರಿಗೆ ಹೇಳಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಿಮ್ಮ ಅರ್ಧ ಮಾತ್ರೆ. ಹಿಂದೆ ಒಬ್ಬ ಅಜ್ಜಿ ಕುಂಕುಮದ ಭರಣಿಯಲ್ಲಿ ಈಳಿಗೆಯಿಂದ ಹೆಚ್ಚಿದ ಚೂರುಗಳನ್ನು ತಂದು ನನ್ನ ಮೇಜಿನ ಮೇಲೆ ಸುರಿದರು. ಒಂದರ ಹಾಗೆ ಇನ್ನೊಂದಿರಲಿಲ್ಲ. 10 ಹಿಡಿಯಲಿಲ್ಲ ಎಂದುಕೊಂಡು ನಾನು ಅವತ್ತು ಡೋಸ್ ಏರಿಸುವುದರಲ್ಲಿದ್ದೆ. ಅವರು ಅಷ್ಟು ದಿನ ನುಂಗಿದ್ದು 10 ಅಲ್ಲವೇ ಅಲ್ಲ. ನಿಮ್ಮ ವೈದ್ಯರೂ ಈಗ ಹಾಗೇ ಲೆಕ್ಕ ಹಾಕುತ್ತಿರುತ್ತಾರೆ. ಮುಂದಿನ ತಾರೀಖಿನವರೆಗೆ ಕಾಯದೆ ನಾಳೆಯೇ ಫೋನ್ ಮಾಡಿ, ಹತ್ತು ದಿನದಿಂದ ಅರ್ಧವೇ ನುಂಗುತ್ತಿದ್ದೇನೆ ಎಂದು ಹೇಳಿ.