ಮೊದಲ ಪುಟದಲ್ಲೇ ಸೋತ ಕೇಸು

ಪ್ರಶ್ನೆ: ಮೇಡಂ, ಲಾ ಕಾಲೇಜಿಗೆ ಸೇರಿ ಮೂರು ತಿಂಗಳಾಯಿತು. ದಿನಾ ಏಳೆಂಟು ಗಂಟೆ ಓದುತ್ತೇನೆ. ಸೆಕ್ಷನ್‌ಗಳು ಬಾಯಿಪಾಠ ಬರುತ್ತವೆ. ಆದರೂ ಮೊದಲ ಟೆಸ್ಟ್‌ನಲ್ಲಿ ಪಾಸಾಗಿದ್ದೇ ಹೆಚ್ಚು. ತೀರ್ಪು ಓದಲು ಕೂತರೆ ನಾಲ್ಕನೇ ಪುಟಕ್ಕೇ ತಲೆ ಗಿರ್ ಅನ್ನುತ್ತದೆ. ಕ್ಲಾಸಿನಲ್ಲಿ ಉಳಿದವರು ಪಟಪಟ ಮಾತಾಡುತ್ತಾರೆ. ನಾನು ತಪ್ಪು ಕೋರ್ಸ್ ಹಿಡಿದೆನಾ?
– ಹೆಸರು ಬೇಡ ಎಂದಿರುವ ಓದುಗರು

ಉತ್ತರ: ಕೋರ್ಸ್ ತಪ್ಪಿಲ್ಲ. ಓದುವ ರೀತಿ ತಪ್ಪಿರಬೇಕು. ನನ್ನದೂ ತಪ್ಪಿತ್ತು.

ಮೊದಲ ವರ್ಷ ನಮಗೆ ಡೊನೊಹ್ಯೂ ವರ್ಸಸ್ ಸ್ಟೀವನ್‌ಸನ್ ಓದಿಕೊಂಡು ಬರಲು ಹೇಳಿದ್ದರು. ಬಸವನಹುಳುವಿನ ಕೇಸ್ ಅಂದರೆ ನಿಮಗೂ ಗೊತ್ತಾದೀತು. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಒಬ್ಬ ಮಹಿಳೆ ಸ್ನೇಹಿತರು ಕೊಡಿಸಿದ ಜಿಂಜರ್ ಬಿಯರ್ ಕುಡಿದರು. ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂದು ತಯಾರಕನ ಮೇಲೆ ದಾವೆ ಹಾಕಿದರು. ನಾನು ಹಿಂದಿನ ರಾತ್ರಿ ವರದಿ ತೆರೆದೆ. ಮೊದಲ ನ್ಯಾಯಮೂರ್ತಿಯ ಅಭಿಪ್ರಾಯ ಓದಿದೆ, ಪುಟವಿಡೀ ಹಳದಿ ಗೆರೆ ಎಳೆದೆ, ಮಲಗಿದೆ. ಮರುದಿನ ಎದ್ದು ನಿಂತು, ‘ಆಕೆ ಸೋತರು ಸರ್, ತಯಾರಕ ಹೊಣೆಯಲ್ಲ’ ಅಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಆ ವರದಿಯಲ್ಲಿ ಮೊದಲು ಬರುವುದೇ ಲಾರ್ಡ್ ಬಕ್‌ಮಾಸ್ಟರ್ ಅವರ ಭಿನ್ನಮತ! 1932ರಲ್ಲಿ ಹೌಸ್ ಆಫ್ ಲಾರ್ಡ್ಸ್ (ಬ್ರಿಟನ್ನಿನ ಆಗಿನ ಅತ್ಯುನ್ನತ ನ್ಯಾಯಾಲಯ) 3–2 ಬಹುಮತದಿಂದ ಆಕೆಯ ಕಡೆ ತೀರ್ಪು ಕೊಟ್ಟಿತ್ತು: ಒಪ್ಪಂದ ಇಲ್ಲದಿದ್ದರೂ ತಯಾರಕ ಬಳಸುವವರಿಗೆ ಹೊಣೆ.

ಹಾಗಾಗಿ ತೀರ್ಪನ್ನು ಕಾದಂಬರಿಯಂತೆ ಮೊದಲಿನಿಂದ ಓದಬೇಡಿ. ಯಾರು ಯಾರ ಮೇಲೆ ಹೋದರು, ಕೊನೆಗೆ ಏನಾಯಿತು, ಎಷ್ಟು ನ್ಯಾಯಮೂರ್ತಿಗಳು ಯಾವ ಕಡೆ? ಇಷ್ಟು ತಿಳಿದ ಮೇಲೆ ಒಳಗೆ ಹೋಗಿ. ಹಳದಿ ಪೆನ್ನು ಪಕ್ಕಕ್ಕಿಡಿ. ಕಥೆಯನ್ನು ಐದು ಸಾಲಿನಲ್ಲಿ ನೀವು ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ. ಆಮೇಲೆ ಒಂದೊಂದೇ ಸಂಗತಿ ತೆಗೆದು ನೋಡಿ. ಆಕೆ ಐಸ್‌ಕ್ರೀಮ್ ಜೊತೆ ಕುಡಿದದ್ದು ಬಿಟ್ಟರೆ? ಏನೂ ಆಗುವುದಿಲ್ಲ. ದುಡ್ಡು ಆಕೆಯೇ ಕೊಟ್ಟಿದ್ದರೆ? ಆಗ ಅಂಗಡಿಯವನ ಜೊತೆ ಒಪ್ಪಂದ ಇರುತ್ತಿತ್ತು, ದಾವೆಯ ದಾರಿಯೇ ಬೇರೆಯಾಗುತ್ತಿತ್ತು. ಬಾಟಲಿ ಕಪ್ಪು ಗಾಜಿನದಾಗಿರದೆ ಒಳಗಿನದು ಕಾಣುವಂತಿದ್ದರೆ? ಇಲ್ಲಿ ಸ್ವಲ್ಪ ನಿಲ್ಲಿ. ಕುಡಿಯುವ ಮುಂಚೆ ಯಾರೂ ಪರೀಕ್ಷಿಸುವಂತಿರಲಿಲ್ಲ ಎಂಬುದು ಬಹುಮತದ ಕಡೆಯಿದ್ದ ಲಾರ್ಡ್ ಆಟ್ಕಿನ್ ಅವರ ತರ್ಕದ ಒಂದು ಕಂಬ. ಮುಂದೆ ಗ್ರಾಂಟ್ ಎಂಬ ಡಾಕ್ಟರ್ ಉಣ್ಣೆಯ ಒಳಉಡುಪಿನಿಂದ ಚರ್ಮರೋಗ ಬಂತೆಂದು ಹೂಡಿದ ಕೇಸಿನಲ್ಲೂ 1935ರಲ್ಲಿ ತಯಾರಕನ ಹೊಣೆಯ ಇದೇ ತತ್ವ ಗೆದ್ದಿತು. ಹುಳುವೂ ಇಲ್ಲ, ಬಾಟಲಿಯೂ ಇಲ್ಲ. ನಿಮ್ಮ ಮೇಷ್ಟರು ರೇಶಿಯೊ, ರೇಶಿಯೊ (ತೀರ್ಪು ನಿಂತಿರುವ ಮೂಲ ತತ್ವ) ಅನ್ನುತ್ತಾರಲ್ವಾ, ಹೀಗೆ ಒಂದು ಕೇಸಿನಿಂದ ಇನ್ನೊಂದಕ್ಕೆ ದಾಟಿ ಹೋಗುವುದೇ ಅದು. (ಅಂದಹಾಗೆ, ಹುಳು ನಿಜಕ್ಕೂ ಇತ್ತೇ ಎಂಬುದು ಸಾಬೀತಾಗಲೇ ಇಲ್ಲ. ಆಕೆ ಹೇಳಿದ್ದು ನಿಜವಾದರೆ ಕಾನೂನು ಏನು ಎಂಬುದಷ್ಟೇ ತೀರ್ಮಾನವಾಯಿತು.)

ಒಂದು ಕೇಸನ್ನು ಹೀಗೆ ಬಿಚ್ಚಲು ಮೊದಮೊದಲು ಎರಡು ಗಂಟೆ ಹಿಡಿಯುತ್ತದೆ. ಹಿಡಿಯಲಿ. ಸುಮ್ನೆ ಹತ್ತು ಕೇಸಿನ ಹೆಸರು ಉರುಹೊಡೆಯುವುದಕ್ಕಿಂತ ವಾಸಿ.

ಸೆಕ್ಷನ್ ಬಾಯಿಪಾಠ ಬರುತ್ತದೆ ಅಂದಿರಿ, ಸಂತೋಷ. ಆದರೆ ವ್ಯಾಖ್ಯೆಯ ಸೆಕ್ಷನ್‌ನಲ್ಲಿ ‘ಮೀನ್ಸ್’ ಅಂತಿದೆಯೋ ‘ಇನ್‌ಕ್ಲೂಡ್ಸ್’ ಅಂತಿದೆಯೋ ಗಮನಿಸಿದ್ದೀರಾ? ಸಾಮಾನ್ಯವಾಗಿ ಮೊದಲನೆಯದು ಬಾಗಿಲು ಮುಚ್ಚುತ್ತದೆ (ಹೇಳಿದ್ದಷ್ಟೇ ಅರ್ಥ), ಎರಡನೆಯದು ತೆರೆದಿಡುತ್ತದೆ (ಹೇಳದ್ದೂ ಸೇರಬಹುದು). ‘ಆ್ಯಂಡ್’, ‘ಆರ್’ ಕೂಡ ಹಾಗೆಯೇ ಗಮನಿಸಬೇಕಾದವು. ಒಂದು ಪದಕ್ಕಾಗಿ ವರ್ಷಗಟ್ಟಲೆ ವ್ಯಾಜ್ಯ ನಡೆಯುವುದುಂಟು.

ಪಟಪಟ ಮಾತಾಡುವವರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಾನೂ ಆವತ್ತು ಪಟಪಟ ಅಂತಲೇ ಹೇಳಿದ್ದು.

ಇನ್ನು ಟೆಸ್ಟ್. ಉತ್ತರಪತ್ರಿಕೆಗಳನ್ನು ತಿದ್ದುವಾಗ ನನಗೆ ಮತ್ತೆ ಮತ್ತೆ ಕಂಡದ್ದು ಒಂದೇ. ಪ್ರಶ್ನೆಯಲ್ಲಿ ಒಂದು ಕಥೆ ಕೊಟ್ಟಿರುತ್ತಾರೆ. ವಿದ್ಯಾರ್ಥಿ ಎರಡು ಪುಟ ಕಾನೂನು ಬರೆದು, ಕೊನೆಗೆ ‘ಆದ್ದರಿಂದ ಪ್ರತಿವಾದಿ ಹೊಣೆ’ ಎಂದು ಮುಗಿಸುತ್ತಾನೆ. ಆ ಕಾನೂನು ಈ ಕಥೆಗೆ ಹೇಗೆ ತಾಗುತ್ತದೆ, ಎದುರು ಕಡೆಯ ವಕೀಲರು ಏನನ್ನಬಹುದು, ಇದರ ಸುಳಿವೇ ಇಲ್ಲ. ಅಂಕ ಇರುವುದೇ ಅಲ್ಲಿ.

ನಿಮ್ಮ ಪೇಪರ್ ವಾಪಸ್ ಸಿಕ್ಕಿದ್ದರೆ ಒಂದು ಕೆಲಸ ಮಾಡಿ. ಕೊಟ್ಟ ಕಥೆಯ ವ್ಯಕ್ತಿಗಳ ಹೆಸರು ಬಂದ ಸಾಲುಗಳನ್ನು ಎಣಿಸಿ. ಎಷ್ಟಾಯಿತು ಅಂತ ನನಗೊಂದು ಸಾಲು ಬರೆಯಿರಿ.